ನಿಘಂಟಪ್ಪನ ಮೂಲ ತೊಂದರೆ

ಮನುಷ್ಯ ಅಂದಮೇಲೆ ಒಂದಲ್ಲ ಒಂದು ಚಟ ಇದ್ದೇ ಇರುತ್ತದೆ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು, ಕೆಲವರಿಗೆ ಪಕ್ಕದ ಮನೆಯ ಸಮಾಚಾರ. ನಮ್ಮ ನಿಘಂಟಪ್ಪನಿಗೆ ಇವು ಯಾವುವೂ ಇರಲಿಲ್ಲ. ಕಂಪ್ಯೂಟರಿಗೆ ಸಂಬಂಧಪಟ್ಟ ಯಾವ ಮಾತು ಕಿವಿಗೆ ಬಿದ್ದರೂ ಅದನ್ನು ಕನ್ನಡಕ್ಕೆ ತರದೆ ಬಿಡುತ್ತಿರಲಿಲ್ಲ, ಅಷ್ಟೇ. ಪಾಸ್‌ವರ್ಡಿಗೆ 'ಗುಟ್ಟುಮಾತು' ಎಂದ, ಜನ ಸಹಿಸಿಕೊಂಡರು. ಮೌಸಿಗೆ 'ಇಲಿಮರಿ' ಎಂದ, ಅದೂ ನಡೆಯಿತು. ಪ್ರಿಂಟರ್ ಕೆಟ್ಟ ದಿನ 'ಅಚ್ಚಿಗನಿಗೆ ಅಜೀರ್ಣವಾಗಿದೆ' ಎಂದು ಬಾಗಿಲಿಗೆ ಚೀಟಿ ಅಂಟಿಸಿದ ಮೇಲೆ ಅವನ ಹುಟ್ಟುಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು. ಜನರ ಬಾಯಲ್ಲಿ ಅವನು ನಿಘಂಟಪ್ಪನೇ ಆದ.

ಅವನು ಇದ್ದದ್ದು ಸಾರ್ವಜನಿಕ ಗ್ರಂಥಾಲಯದ ಗಣಕ ವಿಭಾಗದಲ್ಲಿ. ವಿಭಾಗ ಅಂದರೆ ದೊಡ್ಡದೇನಲ್ಲ. ಓದುವ ಕೋಣೆಯಲ್ಲಿ ಸಾಲಾಗಿ ಕೆಲವು ಕಂಪ್ಯೂಟರು, ಹಿಂದುಗಡೆ ಕಿಟಕಿಯಿಲ್ಲದ ಒಂದು ಚಿಕ್ಕ ಕೋಣೆ, ಆ ಕೋಣೆಯಲ್ಲಿ ಹಗಲಿರುಳು ಗುಂಯ್ ಅನ್ನುವ ಒಂದು ಹಳೆಯ ಪೆಟ್ಟಿಗೆ, ಒಂದು ಮರದ ಸ್ಟೂಲು, ಸ್ಟೂಲಿನ ಮೇಲೆ ನಿಘಂಟಪ್ಪ. ಗ್ರಂಥಾಲಯದ ಕಂಪ್ಯೂಟರುಗಳು ನೆಟ್ಟಗೆ ಹೊರಲೋಕಕ್ಕೆ ಹೋಗುವ ಹಾಗಿರಲಿಲ್ಲ. ನಡುವೆ ಆ ಪೆಟ್ಟಿಗೆಯಲ್ಲಿ ಪ್ರಾಕ್ಸಿ ಎಂಬ ತಂತ್ರಾಂಶ ಕೂತಿತ್ತು. ನಿಮಗೆ ಬೇಕಾದ ಪುಟವನ್ನು ನಿಮ್ಮ ಪರವಾಗಿ ಅದೇ ಹೋಗಿ ತಂದುಕೊಡುತ್ತದೆ, ಬೇಡದ್ದನ್ನು ಬಾಗಿಲಲ್ಲೇ ತಡೆಯುತ್ತದೆ. ನಿಘಂಟಪ್ಪ ಅದಕ್ಕೆ 'ಹೊಸ್ತಿಲಾಳು' ಎಂದು ಹೆಸರಿಟ್ಟಿದ್ದ. ಆ ಹೆಸರನ್ನು ಕೇಳಿ ಇಡೀ ಗ್ರಂಥಾಲಯದಲ್ಲಿ ಸಂತೋಷಪಟ್ಟವರು ಒಬ್ಬರೇ, ಸಂಗೀತದ ಮೇಷ್ಟ್ರು.

ಮೇಷ್ಟ್ರಿಗೆ ಕಣ್ಣು ಕಾಣಿಸುತ್ತಿರಲಿಲ್ಲ. ದಿನಾ ಬೆಳಗ್ಗೆ ಬಂದು ಮೂಲೆಯ ಕುರ್ಚಿಯಲ್ಲಿ ಕೂತು, ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುವ ಯಂತ್ರದಲ್ಲಿ ಒಂದು ದಪ್ಪ ಕಾದಂಬರಿಯನ್ನು ದಿನಕ್ಕಿಷ್ಟು ಎಂದು ಕೇಳುತ್ತಿದ್ದರು. "ಹೊಸ್ತಿಲಾಳು" ಎಂದು ಮೂರು ಸಲ ನಾಲಿಗೆಯ ಮೇಲೆ ಉರುಳಿಸಿ ನೋಡಿ, ಇದರಲ್ಲಿ ಲಯ ಇದೆ ಕಣಪ್ಪ ಎಂದಿದ್ದರು. ಜೀವಮಾನದಲ್ಲಿ ತನ್ನ ಪದಕ್ಕೆ ಸಿಕ್ಕ ಆ ಒಂದು ಹೊಗಳಿಕೆಯನ್ನು ನಿಘಂಟಪ್ಪ ಮರೆತಿರಲಿಲ್ಲ. ಮೇಷ್ಟ್ರ ಓದುವ ಯಂತ್ರ ನಡೆಯುತ್ತಿದ್ದದ್ದು ಹೊಸ್ತಿಲಾಳಿನ ಸೆಟ್ಟಿಂಗಿನ ಒಂದು ವಿಚಿತ್ರ ಸಾಲಿನಿಂದ. ಆ ಸೆಟ್ಟಿಂಗನ್ನು ವರ್ಷಗಟ್ಟಲೆ ಒಂದೊಂದೇ ಸಾಲು ಸೇರಿಸಿ ಕಟ್ಟಿದವರು ಈಗ ನಿವೃತ್ತರಾಗಿದ್ದ ಹಳಬರೊಬ್ಬರು. ಆ ಸಾಲು ಯಾಕೆ ಹಾಗಿದೆ ಎಂದು ಕೇಳಿದರೆ, ಬರೆದ ಹಳಬರೇ ಮರೆತುಬಿಟ್ಟಿದ್ದರು.

ಹೀಗಿರಲು ಹೊಸ್ತಿಲಾಳಿಗೆ ಮುಪ್ಪು ಬಂತು. ಕೇಳಿದ ಪುಟ ಬರುವುದಿಲ್ಲ, ಬಂದದ್ದು ಅರ್ಧಕ್ಕೇ ನಿಲ್ಲುತ್ತದೆ. ಗ್ರಂಥಪಾಲಕಿ ಮೇಡಂ ಹೊರಗಿನ ಕಂಪನಿಯವನೊಬ್ಬನನ್ನು ಕರೆಸಿದರು. ಅವನು ಪೆಟ್ಟಿಗೆಯನ್ನು ಒಮ್ಮೆ ತಟ್ಟಿ ನೋಡಿ, ಇಷ್ಟು ಹಳೆಯದಕ್ಕೆ ತಯಾರಾದ ತಂತ್ರಾಂಶ ಈಗ ಸಿಗುವುದಿಲ್ಲ, ಎಲ್ಲವನ್ನೂ ಅಳಿಸಿ ಹೊಸದು ಹಾಕುತ್ತೇನೆ, ಹಳೇ ಸೆಟ್ಟಿಂಗು ಉಳಿಯುವ ಗ್ಯಾರಂಟಿ ಇಲ್ಲ ಎಂದು ಹೇಳಿ ಹೋದ. ಮೇಡಂ ಸಭೆ ಸೇರಿಸಿದರು. ಎಲ್ಲೋ ಓದಿದ್ದನ್ನು ನೆನಪಿಸಿಕೊಂಡು, ಸೋರ್ಸ್‌ನಿಂದ ಇನ್‌ಸ್ಟಾಲ್ ಮಾಡಿದರೆ ಹಳೇ ಪೆಟ್ಟಿಗೆಗೂ ಹೊಂದುತ್ತದಂತಲ್ಲ ಎಂದರು.

ನಿಘಂಟಪ್ಪ ಸುಮ್ಮನಿದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ. 'ಸೋರ್ಸ್' ಎಂಬುದು ಕಿವಿಗೆ ಬಿದ್ದದ್ದೇ ತಡ, "ಮೂಲ ಅನ್ನಿ ಮೇಡಂ," ಎಂದು ತಿದ್ದಿದ. ತಿದ್ದಿದವನೇ ಮಾಡಬೇಕು ಎಂಬುದು ಎಲ್ಲ ಕಚೇರಿಗಳ ಬರೆಯದ ಕಾನೂನು. ಶನಿವಾರ ಗ್ರಂಥಾಲಯ ಮುಚ್ಚಿರುತ್ತದೆ, ಆಗ ನೀವೇ ಮೂಲದಿಂದ ಮಾಡಿ, ಆದರೆ ಹಳೇ ಸೆಟ್ಟಿಂಗಿನ ಒಂದಕ್ಷರವೂ ಹೋಗಬಾರದು ಎಂದು ಮೇಡಂ ತೀರ್ಪು ಕೊಟ್ಟರು. ತಯಾರಾದ ತಂತ್ರಾಂಶ ಹಾಕುವುದೆಂದರೆ ಅಂಗಡಿಯ ಅಂಗಿ ತೊಟ್ಟ ಹಾಗೆ. ಮೂಲದಿಂದ ಅಂದರೆ ಬಟ್ಟೆ ತಂದು, ಅಳತೆ ಹಿಡಿದು, ನಾವೇ ಹೊಲಿದು ತೊಟ್ಟ ಹಾಗೆ. ನಿಘಂಟಪ್ಪನಿಗೆ ಗುಂಡಿ ಹೊಲಿದೂ ಗೊತ್ತಿರಲಿಲ್ಲ. ಆದರೆ ಬಾಯಿಂದ ಜಾರಿದ ಮಾತನ್ನು ನುಂಗುವ ವಿದ್ಯೆ ಯಾರಿಗೂ ಬಂದಿಲ್ಲವಲ್ಲ.

ಆ ಸಂಜೆಯೇ ಅವನು ಬಾಲ್ಕನಿಗೆ ಹೋಗಿ ಹಳಬರಿಗೆ ಫೋನು ಮಾಡಿದ. ಹಳಬರ ಕಿವಿ ಮಂದ, ಹಾಗಾಗಿ ಕಿರುಚಿಯೇ ಮಾತಾಡಬೇಕು. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಹೆಂಡತಿಗೆ ಹಳಬರ ಮಾತು ಕೇಳಿಸುವಂತಿರಲಿಲ್ಲ. ಗಂಡನದು ಮಾತ್ರ ಚೆನ್ನಾಗಿ ಕೇಳಿಸಿತು.

"ಹೂಂ ಸಾರ್, ಮೂಲದ್ದೇ. ಹಿಂದುಗಡೆ ಬ್ಲಾಕ್ ಆಗ್ತಿದೆ. ಒಳಗೆ ಹೋದದ್ದು ಹೊರಗೆ ಬರ್ತಾನೇ ಇಲ್ಲ."

ಅವಳ ಚಾಕು ನಿಂತಿತು.

"ಇಲ್ಲ ಸಾರ್, ಹೊರಗಿನವರ ಕೈಗೆ ಕೊಡಲ್ಲ. ಅವರು ಇದ್ದದ್ದನ್ನೆಲ್ಲ ಕಿತ್ತು ಹಾಕ್ತಾರೆ. ನಾನೇ ಮಾಡ್ಕೋತೀನಿ. ಶನಿವಾರ, ಲೈಬ್ರರಿ ಹಿಂದಿನ ರೂಮಲ್ಲಿ, ಬಾಗಿಲು ಹಾಕ್ಕೊಂಡು. … ಭಯ ಇದೆ ಸಾರ್, ಮೊದಲ ಸಲ ಅಲ್ವಾ. ಆದ್ರೆ ನೆಟ್ಟಲ್ಲಿ ಹಂತಹಂತವಾಗಿ ಕೊಟ್ಟಿದ್ದಾರೆ, ಪಕ್ಕದಲ್ಲಿಟ್ಕೊಂಡು ನೋಡ್ಕೊಂಡು ಮಾಡ್ತೀನಿ. … ಮನೇಲಾ? ಮನೇಲಿ ಹೇಳಿಲ್ಲ ಸಾರ್. ಅವಳಿಗೆ ಇದೆಲ್ಲ ಅರ್ಥ ಆಗಲ್ಲ."

ಅವಳಿಗೆ ಎಲ್ಲ ಅರ್ಥವಾಗಿ ಹೋಯಿತು. ಗಂಡಸರ ಸಣ್ಣ ನೆಗಡಿ ಇಡೀ ಬೀದಿಗೆ ಗೊತ್ತಾಗುತ್ತದೆ, ಆದರೆ ಮೂಲವ್ಯಾಧಿ ಮಗ್ಗುಲಲ್ಲಿ ಮಲಗುವವಳಿಗೂ ಗೊತ್ತಾಗುವುದಿಲ್ಲ ಎಂದು ಅವಳು ಕೇಳಿ ತಿಳಿದಿದ್ದಳು. ನಾಚಿಕೆಯ ಕಾಯಿಲೆ, ಬಾಯಿಬಿಟ್ಟು ಕೇಳಿದರೆ ಇನ್ನಷ್ಟು ಮುದುಡಿಕೊಳ್ಳುತ್ತಾರೆ. ಆದರೆ ಆಪರೇಷನ್ನನ್ನು ತಾನೇ ಮಾಡಿಕೊಳ್ಳುವುದು, ಅದೂ ನೆಟ್ಟು ನೋಡಿಕೊಂಡು, ಲೈಬ್ರರಿಯಲ್ಲಿ. ಮನೆಯಲ್ಲಿ ಒಂದು ಬಲ್ಬು ಬದಲಾಯಿಸಲು ಹೋಗಿ ಬೀದಿಯ ಫ್ಯೂಸೇ ಹಾರಿಸಿದ ಗಂಡಸು ಇವನು. ಅವಳು ಒಲೆಯ ಮೇಲಿನ ಒಗ್ಗರಣೆಯನ್ನು ಕೆಳಗಿಳಿಸಿ, ಮೆಣಸಿನಪುಡಿಯ ಡಬ್ಬಿಯನ್ನು ಎತ್ತಿ ಅಟ್ಟಕ್ಕೆ ಹಾಕಿದಳು.

ರಾತ್ರಿ ತಟ್ಟೆಯಲ್ಲಿ ಬೆಂದ ಸೊಪ್ಪು, ಬೆಂದ ಕುಂಬಳಕಾಯಿ, ಮೆತ್ತಗೆ ಬೆಂದ ಅನ್ನ, ಬಾಳೆಹಣ್ಣು, ಚೊಂಬಿನ ತುಂಬ ನೀರು. ಖಾರವಿಲ್ಲದೆ ತುತ್ತಿಳಿಯದ ನಿಘಂಟಪ್ಪ ಕೇಳಬೇಕೆಂದು ಬಾಯಿ ತೆರೆದ. ಹೆಂಡತಿ ತನ್ನ ತಟ್ಟೆಗೂ ಅದನ್ನೇ ಬಡಿಸಿಕೊಂಡು, ಕಣ್ಣು ಒದ್ದೆ ಮಾಡಿಕೊಂಡು ಎದುರು ಕೂತಿದ್ದಳು. ಪಾಪ, ಇವಳಿಗೇ ಹೊಟ್ಟೆ ಸರಿಯಿಲ್ಲವೇನೋ ಎಂದುಕೊಂಡು ಮಾತಾಡದೆ ತಿಂದ. ಒಬ್ಬರಿಗಾಗಿ ಒಬ್ಬರು ಸಪ್ಪೆ ತಿನ್ನುವುದೇ ಸಂಸಾರ.

ಮಾರನೆಯ ದಿನ ಅವಳು ತನ್ನ ಅಣ್ಣನಿಗೆ ಫೋನು ಮಾಡಿದಳು. ಅಣ್ಣ ಒಂದು ಕ್ಲಿನಿಕ್ಕಿನಲ್ಲಿ ಕಾಂಪೌಂಡರು. ಡಾಕ್ಟರಿಗಿಂತ ಒಂದು ತೂಕ ಹೆಚ್ಚು ಗಾಂಭೀರ್ಯ ಇಟ್ಟುಕೊಂಡವರು. ವಿಷಯ ಕೇಳಿ, ತಾವೇ ಕೊಯ್ದುಕೊಳ್ಳುವವರನ್ನು ನಾನು ಪುಸ್ತಕದಲ್ಲೂ ಕಂಡಿಲ್ಲ, ಶನಿವಾರ ನಾನೇ ಬರುತ್ತೇನೆ, ಅಲ್ಲಿಯವರೆಗೆ ಚಾಕು, ಬ್ಲೇಡು, ಕತ್ತರಿ ಯಾವುದೂ ಕೈಗೆ ಸಿಗದ ಹಾಗೆ ನೋಡಿಕೋ ಎಂದರು. ಆ ದಿನದಿಂದ ನಿಘಂಟಪ್ಪನಿಗೆ ಗಡ್ಡ ಹೆರೆದುಕೊಳ್ಳಲು ರೇಜರು ಸಿಗಲಿಲ್ಲ. ಹೋಗಲಿ, ಮೂಲಕ್ಕೆ ಕೈಹಾಕುವವನಿಗೆ ಗಡ್ಡ ಇದ್ದರೇ ಗಾಂಭೀರ್ಯ ಎಂದು ಅವನು ಕನ್ನಡಿಯ ಮುಂದೆ ಸಮಾಧಾನ ಮಾಡಿಕೊಂಡ.

ಇಂಥ ಸುದ್ದಿ ಮೆಟ್ಟಿಲು ಇಳಿಯಲು ಎಷ್ಟು ಹೊತ್ತು. ಕೆಳಮನೆಯಲ್ಲಿ ಒಬ್ಬರು ನಿವೃತ್ತ ಬಸ್ ಡ್ರೈವರು ಇದ್ದರು. ಗುರುವಾರ ಸಂಜೆ ನಿಘಂಟಪ್ಪ ಮನೆಗೆ ಬರುವಾಗ ಅವರು ಮೆಟ್ಟಿಲ ಬುಡದಲ್ಲಿ ಕಾದು ನಿಂತಿದ್ದರು. ಕಂಕುಳಲ್ಲಿ ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ದುಂಡಗಿನ ವಸ್ತು. ಆಚೀಚೆ ನೋಡಿ ದನಿ ತಗ್ಗಿಸಿದರು.

"ಸಂಕೋಚ ಪಡಬೇಡಿ ಸಾರ್. ನಾನೂ ಮೂಲದ ಕಷ್ಟ ಪಟ್ಟವನೇ."

ಮನೆಯ ಕೆಳಗೇ ಒಬ್ಬ ಅನುಭವಸ್ಥ, ಅದೂ ಡ್ರೈವರು. ಜ್ಞಾನ ಯಾರ ಮನೆಯಲ್ಲಿ ಅಡಗಿರುತ್ತದೋ ಹೇಳಲಾಗದು ಎಂದು ನಿಘಂಟಪ್ಪನ ಎದೆ ತುಂಬಿತು.

"ಹೌದಾ? ನೀವೇ ಮಾಡ್ಕೊಂಡ್ರಾ?"

"ಯಾರಾದ್ರೂ ತಾವೇ ಮಾಡ್ಕೋತಾರಾ ಸಾರ್. ತಿಳಿದವರ ಕೈಲಿ ಮಾಡಿಸ್ದೆ. ಅರ್ಧ ಗಂಟೆ ಕೆಲಸ."

"ಹಳೇದನ್ನೆಲ್ಲ ಉಳಿಸಿಕೊಟ್ರಾ?"

ಡ್ರೈವರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಹಳೇದು ಯಾಕೆ ಸಾರ್ ಬೇಕು? ಅದನ್ನ ತೆಗೆಸೋಕೇ ಅಲ್ವಾ ಹೋಗೋದು?"

"ಅಯ್ಯೋ, ನಮ್ಮದು ಹತ್ತು ಹನ್ನೆರಡು ವರ್ಷದ್ದು. ಹಳಬರು ಬಿಟ್ಟುಹೋದದ್ದು. ಒಂದು ಚೂರೂ ಹೋಗಬಾರದು ಅಂತ ಮೇಡಂ ಹೇಳಿದ್ದಾರೆ."

ಮೂಲವ್ಯಾಧಿ ವಂಶದಿಂದ ಬರುವುದನ್ನು ಡ್ರೈವರು ಕೇಳಿದ್ದರು, ಕಚೇರಿಯಿಂದ ಬರುವುದನ್ನು ಕೇಳಿರಲಿಲ್ಲ. ನೋವು ತಲೆಗೇರಿದೆ ಎಂದು ತೀರ್ಮಾನಿಸಿ, ಬೆಡ್‌ಶೀಟು ಬಿಚ್ಚಿದರು. ಒಳಗಿದ್ದದ್ದು ನಡುವೆ ತೂತಿರುವ ರಬ್ಬರ್ ದಿಂಬು. ತಮ್ಮ ಸೀಟಿನಲ್ಲಿ ಊರೂರು ಸುತ್ತಿದ ದಿಂಬು ಇದು, ಕೂತು ಮಾಡುವ ಕೆಲಸಕ್ಕೆ ಇದಕ್ಕಿಂತ ದೊಡ್ಡ ಸ್ನೇಹಿತ ಇನ್ನಿಲ್ಲ ಎಂದು ಹೇಳಿ ಎರಡೂ ಕೈಯಿಂದ ಕೊಟ್ಟರು. ಮೂಲದ ಕೆಲಸಕ್ಕೆ ಗಂಟೆಗಟ್ಟಲೆ ಕೂರಬೇಕು ಎಂಬುದನ್ನು ಹೇಳದೆಯೇ ಊಹಿಸಿದ ಆ ಹಿರಿಯರಿಗೆ ನಿಘಂಟಪ್ಪ ಮನಸಾರೆ ಕೈಮುಗಿದ. ತೂತು ಯಾಕೆಂದು ಮಾತ್ರ ಅವನಿಗೆ ಹೊಳೆಯಲಿಲ್ಲ. ಗಾಳಿಯಾಡಲೇನೋ ಎಂದುಕೊಂಡ.

ಶುಕ್ರವಾರ ಹೆಂಡತಿ ನಾಚಿಕೆ ಬಿಟ್ಟು ಮೇಡಂಗೆ ಫೋನು ಮಾಡಿದಳು. ಕೊಯ್ದುಕೊಳ್ಳುವ ಮಾತನ್ನು ಹೇಳಲು ನಾಲಿಗೆ ಬರಲಿಲ್ಲ. ಇವರಿಗೆ ಕೂರುವುದಕ್ಕೆ ಆಗುತ್ತಿಲ್ಲ ಮೇಡಂ, ಹಿಂಗೆ ಹಿಂಗೆ, ತಾವು ಸ್ವಲ್ಪ ನೋಡಿಕೊಳ್ಳಿ ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಮೇಡಂ ಕಠಿಣ ಹೆಂಗಸು. ನಗುವುದನ್ನೂ ತಡವಾಗಿ ಮರಳಿಸಿದ ಪುಸ್ತಕದಂತೆ ದಂಡ ಹಾಕಿಯೇ ಒಪ್ಪಿಕೊಳ್ಳುವವರು. ಆದರೆ ಈ ಮಾತು ಕೇಳಿ ಅವರ ಮನಸ್ಸು ನೀರಾಯಿತು. ಇಂಥ ನೋವಿನಲ್ಲೂ ಒಬ್ಬ ಮನುಷ್ಯ ಶನಿವಾರವಿಡೀ ಮರದ ಸ್ಟೂಲಿನ ಮೇಲೆ ಕೂರುತ್ತೇನೆ ಎಂದು ತಾನಾಗಿ ಮುಂದೆ ಬಂದನಲ್ಲ ಎಂದು. ಕೂಡಲೇ ತಮ್ಮ ಮೆತ್ತನೆಯ ಆಫೀಸು ಕುರ್ಚಿಯನ್ನು ಹಿಂದಿನ ಕೋಣೆಗೆ ತಳ್ಳಿಸಿ, ಆ ಸ್ಟೂಲನ್ನು ತಮಗೆ ತರಿಸಿಕೊಂಡರು. ನಿಘಂಟಪ್ಪನನ್ನು ಕರೆದು, ನಿಮ್ಮ ತ್ಯಾಗವನ್ನು ಈ ಸಂಸ್ಥೆ ಮರೆಯುವುದಿಲ್ಲ ಎಂದರು. ನಿಘಂಟಪ್ಪ ಅದನ್ನು ಮೂಲದ ವಿದ್ಯೆಗೆ ಸಿಕ್ಕ ಗೌರವ ಎಂದು ತಿಳಿದ. ಬದುಕಿನಲ್ಲಿ ಮೊದಲ ಸಲ ಕುರ್ಚಿಯೇ ಅವನನ್ನು ಹುಡುಕಿಕೊಂಡು ಬಂದಿತ್ತು.

ಆ ಸಂಜೆ ಹೊರಡುವ ಮೊದಲು ಅವನು ಒಂದು ಜಾಣತನದ ಕೆಲಸ ಮಾಡಿದ. ಹಳಬರು ಫೋನಿನಲ್ಲಿ ಹೇಳಿಕೊಟ್ಟಂತೆ ಹಳೇ ಸೆಟ್ಟಿಂಗನ್ನೆಲ್ಲ ಒಂದು ಪೆನ್‌ಡ್ರೈವಿಗೆ ನಕಲು ಮಾಡಿ ಪ್ಯಾಂಟಿನ ಜೇಬಿಗೆ ಇಳಿಸಿದ. ಇನ್ನು ಆಕಾಶವೇ ಬಿದ್ದರೂ ಚಿಂತೆಯಿಲ್ಲ ಎಂದು ಜೇಬನ್ನು ತಟ್ಟಿಕೊಂಡ. ಬಾಗಿಲಲ್ಲಿ ಮೇಷ್ಟ್ರು ಸಿಕ್ಕಿದರು. ಯಂತ್ರ ಎರಡು ದಿನದಿಂದ ತೊದಲುತ್ತಿದೆ ಕಣಪ್ಪ, ಕಥೆ ಒಳ್ಳೇ ಘಟ್ಟಕ್ಕೆ ಬಂದು ನಿಂತಿದೆ, ಅವಳು ಬಾಗಿಲು ತೆಗೀತಾಳೋ ಇಲ್ಲವೋ ಗೊತ್ತಾಗದೆ ನನಗೆ ನಿದ್ದೆಯಿಲ್ಲ ಎಂದರು. "ಸೋಮವಾರ ಖಂಡಿತ ತೆಗೀತಾಳೆ ಮೇಷ್ಟ್ರೇ," ಎಂದು ನಿಘಂಟಪ್ಪ ಮಾತು ಕೊಟ್ಟ. ತಾನು ಕೊಟ್ಟ ಮಾತು ತೂಕದ್ದು ಎಂದು ಮೆಟ್ಟಿಲು ಇಳಿಯುವಾಗ ಅವನಿಗೆ ಅನ್ನಿಸಿತು.

ಶನಿವಾರ ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಪ್ಯಾಂಟು ಇದ್ದ ಜಾಗದಲ್ಲಿ ಒಂದು ಸಡಿಲವಾದ ಪೈಜಾಮ ಮಡಿಸಿಟ್ಟಿತ್ತು. ಹೊಸದು, ಲಾಡಿಯದು. ರಜಾದ ದಿನ ಬಿಗಿಯಾದ್ದು ಯಾಕೆ, ಆರಾಮಾಗಿರಲಿ ಎಂದು ಹೆಂಡತಿ ನೆಲ ನೋಡುತ್ತ ಹೇಳಿದಳು. ನೋಡಲು ಹಾಸ್ಪಿಟಲಿಂದ ಎದ್ದು ಬಂದವನ ಹಾಗೆ ಕಂಡರೂ ಅವಳ ಮನಸ್ಸು ನೋಯಿಸಬಾರದೆಂದು ತೊಟ್ಟುಕೊಂಡ. ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ. ಅವನು ತಿರುವು ದಾಟುವವರೆಗೆ ಅವಳು ಬಾಲ್ಕನಿಯಿಂದ ನೋಡುತ್ತ ನಿಂತಳು.

ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಮೇಡಂ ಕುರ್ಚಿಯ ಮೇಲೆ ಡ್ರೈವರ ದಿಂಬು, ದಿಂಬಿನ ಮೇಲೆ ತಾನು ಎಂದು ನಿಘಂಟಪ್ಪ ಸ್ಥಾಪನೆಗೊಂಡ. ಕೆಲಸ ಶುರುವಾಯಿತು. ಮೂಲವನ್ನು ಇಳಿಸಿಕೊಂಡ, ಬಿಚ್ಚಿದ, ನೆಟ್ಟಿನಿಂದ ಬರೆದುಕೊಂಡಿದ್ದ ಹಾಳೆಯಲ್ಲಿದ್ದಂತೆ ಒಂದೊಂದೇ ಆಜ್ಞೆ ಒತ್ತಿದ. ತೆರೆಯ ಮೇಲೆ ಅಕ್ಷರಗಳು ಇರುವೆ ಸಾಲಿನಂತೆ ಮೇಲೇರಿ ಹೋಗುತ್ತಲೇ ಇದ್ದವು. ಮೊದಮೊದಲು ಒಂದೊಂದು ಸಾಲನ್ನೂ ಕನ್ನಡಕ್ಕೆ ತರಲು ನೋಡಿದ. ಆಮೇಲೆ ಕಣ್ಣು ಸೋತು, ಮೆತ್ತನೆಯ ಕುರ್ಚಿಯ ಸುಖದಲ್ಲಿ ಒಂದು ಒಳ್ಳೆಯ ತೂಕಡಿಕೆ ತೂಕಡಿಸಿದ. ಎಚ್ಚರಾದಾಗ ಎಲ್ಲ ಮುಗಿದು ತೆರೆ ಸುಮ್ಮನಿತ್ತು.

ಸೆಟ್ಟಿಂಗಿನ ಜಾಗವನ್ನು ತೆರೆದು ನೋಡಿದ. ಎಲ್ಲಕ್ಕಿಂತ ಮೇಲೆ ಇವತ್ತಿನ ತಾರೀಖಿನ ಕಡತ ಕೂತಿತ್ತು. ತೆರೆಯ ಮೇಲಿನ ಕಿಟಕಿ ಕಿರಿದಾದ್ದರಿಂದ ಹೆಸರಿನ ಬಾಲ ಕಾಣಿಸುತ್ತಿರಲಿಲ್ಲ, ತಲೆಯೇನೋ ಹಳೇ ಕಡತದ್ದೇ. ತೆರೆದ. ಒಳಗೆ ಹಳಬರ ಒಂದು ಸಾಲೂ ಇಲ್ಲ. ಆಗ ತಾನೆ ಹುಟ್ಟಿದ ಮಗುವಿನ ಅಂಗೈ ಹಾಗೆ ಎಲ್ಲ ಹೊಸದು. ಮೇಷ್ಟ್ರ ಸಾಲು ಹುಡುಕಿದ. ಇಲ್ಲ. ಆದರೂ ಪೆನ್‌ಡ್ರೈವಿದೆಯಲ್ಲ ಎಂದು ಜೇಬಿಗೆ ಕೈಹಾಕಿದ. ಕೈ ತೊಡೆಯ ಮೇಲೆ ಜಾರಿತು. ಪೈಜಾಮಕ್ಕೆ ಜೇಬೇ ಇರಲಿಲ್ಲ.

ಸರಿಯಾಗಿ ಆ ಹೊತ್ತಿಗೆ ಬಾಗಿಲಾಚೆ ನಾಲ್ವರು ಬಂದು ನಿಂತಿದ್ದರು. ಹೆಂಡತಿ, ಕೈಯಲ್ಲಿ ಔಷಧಿ ಚೀಲ ಹಿಡಿದ ಕಾಂಪೌಂಡರು ಭಾವ, ಅನುಭವಸ್ಥರೊಬ್ಬರು ಇರಲೆಂದು ಡ್ರೈವರು, ಇಷ್ಟು ಜನ ಯಾಕೆ ಓಡುತ್ತಿದ್ದಾರೆಂದು ತಮ್ಮ ಕೋಣೆಯಿಂದ ಎದ್ದು ಬಂದ ಮೇಡಂ. ಕೊಯ್ದುಕೊಳ್ಳುವ ವಿಷಯ ಆಗಷ್ಟೇ ಮೇಡಂ ಕಿವಿಗೆ ಬಿದ್ದಿತ್ತು. ನಮ್ಮ ಕಟ್ಟಡದಲ್ಲಾ ಎಂದು ಅವರು ಗೋಡೆ ಹಿಡಿದುಕೊಂಡಿದ್ದರು. ಅಷ್ಟರಲ್ಲಿ ಒಳಗಿಂದ ಕೇಳಿಸಿತು.

"ಹೋಯ್ತು. ಎಲ್ಲಾ ಹೋಯ್ತು. ಅಯ್ಯೋ, ನನ್ನ ಪ್ಯಾಂಟು ಎಲ್ಲಿ?"

ಭಾವ ನಾಲ್ಕು ಹೆಜ್ಜೆ ಹಿಂದೆ ಹೋಗಿ, ಓಡಿ ಬಂದು ಬಾಗಿಲಿಗೆ ಭುಜ ಕೊಟ್ಟರು. ಬಾಗಿಲಿಗೆ ಚಿಲಕ ಹಾಕಿರಲೇ ಇಲ್ಲ. ಭಾವ, ಔಷಧಿ ಚೀಲ, ಹತ್ತಿಯ ಉಂಡೆಗಳು ಎಲ್ಲವೂ ಒಟ್ಟಿಗೆ ಒಳಗೆ ಹೋಗಿ ಪೆಟ್ಟಿಗೆಯ ಬುಡದಲ್ಲಿ ಬಿದ್ದವು. ಹಿಂದೆಯೇ ಹೆಂಡತಿ ನುಗ್ಗಿದಳು.

"ರಕ್ತ ಎಲ್ಲಿ?" ಎಂದಳು.

"ರಕ್ತ ಯಾಕೆ?" ಎಂದ ನಿಘಂಟಪ್ಪ. "ನನ್ನ ಪ್ಯಾಂಟು ಎಲ್ಲಿ ಕಣೇ?"

"ಒಗೆದು ಹಾಕ್ದೆ."

"ಜೇಬಲ್ಲಿ ಇದ್ದದ್ದು?"

"ಜೇಬು ನೋಡೋ ಮನಸ್ಸೆಲ್ಲಿತ್ತು ನನಗೆ? ನೀವು ನಿಮ್ಮ ಮೂಲವ್ಯಾಧೀನ ನೀವೇ ಕೊಯ್ಕೊಳ್ಳೋಕೆ ಹೊರಟಿರುವಾಗ?"

ನಿಘಂಟಪ್ಪ ಹೆಂಡತಿಯನ್ನು ನೋಡಿದ, ನೆಲದ ಮೇಲಿದ್ದ ಭಾವನನ್ನು ನೋಡಿದ, ಡ್ರೈವರನ್ನು ನೋಡಿದ. ಆಮೇಲೆ ತಾನು ಕೂತಿದ್ದ ದಿಂಬನ್ನು, ಅದರ ತೂತನ್ನು ನೋಡಿದ. ವಾರವಿಡೀ ತಿಂದ ಕುಂಬಳಕಾಯಿ, ಸಿಗದ ರೇಜರು, ಮೇಡಂ ಹೇಳಿದ ತ್ಯಾಗ ಎಲ್ಲವೂ ಸಾಲಾಗಿ ಬಂದು ಎದುರು ನಿಂತವು. ಮೂಲ ಅಂದರೆ ಸೋರ್ಸು, ತಂತ್ರಾಂಶದ್ದು, ನನ್ನದಲ್ಲ ಎಂದು ಅವನು ಒಬ್ಬೊಬ್ಬರಿಗೂ ಬಿಡಿಸಿ ಹೇಳಿದ.

ಮೊದಲು ನಕ್ಕವರು ಮೇಡಂ. ಈ ಗ್ರಂಥಾಲಯದ ಗೋಡೆಗಳು ಆ ಸದ್ದನ್ನು ಅದೇ ಮೊದಲ ಸಲ ಕೇಳಿದ್ದು. ಡ್ರೈವರು ಹೊಟ್ಟೆ ಹಿಡಿದುಕೊಂಡು ಹೊರಗೆ ಹೋದರು. ಭಾವ ಮಾತ್ರ ಹತ್ತಿ ಆರಿಸುತ್ತ, ಇಲ್ಲದಿದ್ದರೆ ಒಳ್ಳೆಯದೇ ಆಯಿತು, ಆದರೂ ಒಮ್ಮೆ ನೋಡಿಬಿಡುವುದು ಕ್ಷೇಮ ಎಂದರು.

ಆದರೆ ನಿಘಂಟಪ್ಪನ ಮುಖ ನೋಡಿ ಹೆಂಡತಿಯ ನಗು ಬೇಗ ನಿಂತಿತು. ಅವನು ಹೇಳಿದ. ಕಾಯಿಲೆ ಇಲ್ಲ ನಿಜ, ಆದರೆ ಹಳಬರು ವರ್ಷಗಟ್ಟಲೆ ಕಟ್ಟಿದ್ದು ಹೋಗಿದೆ, ನಕಲು ಸೋಪಿನ ನೀರಲ್ಲಿ ಮುಳುಗಿದೆ, ಸೋಮವಾರ ಮೇಷ್ಟ್ರು ಬಂದು ಮೂಲೆಯಲ್ಲಿ ಕೂರುತ್ತಾರೆ, ಯಂತ್ರ ಮಾತಾಡುವುದಿಲ್ಲ. ನಾನು ಅವರಿಗೆ ಮಾತು ಕೊಟ್ಟಿದ್ದೆ ಎಂದ.

ಹೆಂಡತಿ ಅವನ ಪಕ್ಕಕ್ಕೆ ಬಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ತೆರೆಯನ್ನು ನೋಡಿದಳು. "ಇಷ್ಟೆಲ್ಲ ಬರ್ದಿದೆಯಲ್ಲ, ಇದೇನಂತೆ?"

"ಅದು ಇನ್‌ಸ್ಟಾಲ್ ಆಗ್ವಾಗ ಬಂದದ್ದು. ಅದರಲ್ಲೇನಿದೆ."

"ನನಗೆ ಅರ್ಥ ಆಗಲ್ಲ ಅಂದಿದ್ರಲ್ಲ ಫೋನಲ್ಲಿ. ಈಗ ಅರ್ಥ ಮಾಡಿಸಿ. ಒಂದೊಂದೇ ಸಾಲು, ಕನ್ನಡದಲ್ಲಿ ಹೇಳಿ."

ಒಂದು ವಾರ ಸಪ್ಪೆ ತಿಂದವಳ ಮಾತನ್ನು ಮೀರುವ ಹಾಗಿರಲಿಲ್ಲ. ನಿಘಂಟಪ್ಪ ಬುಡದಿಂದ ಮೇಲಕ್ಕೆ, ತೂಕಡಿಕೆಯಲ್ಲಿ ಕಣ್ಣು ತಪ್ಪಿಸಿ ಹೋಗಿದ್ದ ಸಾಲುಗಳನ್ನು ಒಂದೊಂದಾಗಿ ಕನ್ನಡಕ್ಕೆ ಇಳಿಸುತ್ತ ಹೋದ. ಇಂಥ ಕಡತ ಇಂಥಲ್ಲಿ ಇಟ್ಟೆ. ಇಂಥದ್ದಕ್ಕೆ ದಾರಿ ಮಾಡಿದೆ. ಇಂಥ ಜಾಗ ಮೊದಲೇ ಇತ್ತು. ಅವನ ಬೆರಳು ಒಂದು ಸಾಲಿನ ಮೇಲೆ ನಿಂತಿತು.

"ಹೇಳಿ," ಎಂದಳು ಹೆಂಡತಿ.

"ನಿಮ್ಮ ಸೆಟ್ಟಿಂಗ್ ಮೊದಲೇ ಇದೆ," ಎಂದು ನಿಘಂಟಪ್ಪ ಮೆಲ್ಲಗೆ ಓದಿದ. "ಅದನ್ನ ಮುಟ್ಟಿಲ್ಲ. ಹೊಸದನ್ನ ಪಕ್ಕದಲ್ಲಿ ಮಾದರಿ ಅಂತ ಇಟ್ಟಿದೀನಿ."

ತೆರೆಯ ಮೇಲಿನ ಕಿಟಕಿಯನ್ನು ಅಗಲ ಮಾಡಿದ. ತಾನು ತೆರೆದು ಗೋಳಾಡಿದ್ದ ಕಡತದ ಹೆಸರಿಗೆ ಉದ್ದನೆಯ ಬಾಲವಿತ್ತು, ಅದು ಬರೀ ಮಾದರಿ. ಅದರ ಕೆಳಗೆ ಹಳಬರ ಕಡತ ಹಳೇ ತಾರೀಖು ಹೊತ್ತು, ಬೆಳಗಿನಿಂದ ಇಲ್ಲೇ ಇದ್ದೇನಲ್ಲ ಎಂಬಂತೆ ಕೂತಿತ್ತು. ಹೋದ ಜೀವ ಬಂತು ನಿಘಂಟಪ್ಪನಿಗೆ. ಹೊಸ್ತಿಲಾಳನ್ನು ಎಬ್ಬಿಸಿದ. ಮೇಡಂ ಓದುವ ಕೋಣೆಗೆ ಹೋಗಿ ಮೇಷ್ಟ್ರ ಯಂತ್ರದ ಗುಂಡಿ ಒತ್ತಿದರು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಖಾಲಿ ಗ್ರಂಥಾಲಯದ ತುಂಬ ಆ ಯಂತ್ರದ ಏರಿಳಿತವಿಲ್ಲದ ದನಿ ಅರ್ಧದಲ್ಲಿ ನಿಂತ ವಾಕ್ಯವನ್ನು ಎತ್ತಿಕೊಂಡಿತು. "…ಎಂದು ಕೂಗಿದ. ಒಳಗೆ ದೀಪ ಹತ್ತಿತು."

ಕಥೆಯೊಳಗಿನ ಅವಳು ಬಾಗಿಲು ತೆಗೆಯುವ ಮೊದಲೇ ಮೇಡಂ ನಿಲ್ಲಿಸಿಬಿಟ್ಟರು. ಅದು ಮೇಷ್ಟ್ರದು, ಅವರೇ ಮೊದಲು ಕೇಳಲಿ ಎಂದರು.

ನಿಘಂಟಪ್ಪ ಆ ಸಾಲನ್ನೇ ನೋಡುತ್ತ ಕೂತಿದ್ದ. ಅದನ್ನು ಯಾರೋ ಬರೆದಿದ್ದಾರಲ್ಲ. ಯಾವ ದೇಶದವನೋ, ಯಾವ ಕಾಲದಲ್ಲೋ, ಹೆಸರಿಲ್ಲ, ಮುಖವಿಲ್ಲ. ಎಲ್ಲೋ ಒಬ್ಬ ತೂಕಡಿಸುವವನು ಇರುತ್ತಾನೆ, ಅವನ ಬಳಿ ಯಾರೋ ಕಟ್ಟಿಕೊಟ್ಟ ಹಳೆಯದೊಂದು ಇರುತ್ತದೆ, ಅದು ಹೋಗಬಾರದು ಎಂದು ನೆನೆದು ಇಷ್ಟು ಬರೆದಿಟ್ಟಿದ್ದಾನೆ. "ಯಾವ ಪುಣ್ಯಾತ್ಮನೋ, ಅವನ ಹೊಟ್ಟೆ ತಣ್ಣಗಿರಲಿ," ಎಂದು ತೆರೆಗೆ ಕೈಮುಗಿದ.

"ಪುಣ್ಯಾತ್ಮ ಅಂತ ಹೆಂಗೆ ಹೇಳ್ತೀರಿ, ಪುಣ್ಯಾತ್ಗಿತ್ತಿ ಇರಬೇಕು," ಎಂದಳು ಹೆಂಡತಿ. "ಹೊಸದು ಬಂತು ಅಂತ ಹಳೇದನ್ನ ಬಿಸಾಕಬಾರದು ಅನ್ನೋ ಬುದ್ಧಿ ಗಂಡಸರಿಗೆಲ್ಲಿ ಬರುತ್ತೆ."

ಸೋಮವಾರ ಮೇಷ್ಟ್ರು ಬಂದು ಕೂತು ಕೇಳಿದರು. ಅರ್ಧ ಗಂಟೆಯ ಮೇಲೆ ಹಿಂದಿನ ಕೋಣೆಯ ಬಾಗಿಲು ತಡವಿಕೊಂಡು ಬಂದು, ತೆಗೆದಳಪ್ಪ ಎಂದರು. ನಿಘಂಟಪ್ಪ ನಡೆದದ್ದನ್ನೆಲ್ಲ ಒಂದನ್ನೂ ಮುಚ್ಚಿಡದೆ ಹೇಳಿದ. ಮೇಷ್ಟ್ರು ನಕ್ಕು ನಕ್ಕು ಕೆಮ್ಮಿ, ನೋವು ನಿನಗಿಲ್ಲದಿದ್ದರೂ ನಿನ್ನ ಪರವಾಗಿ ಇಷ್ಟು ಜನ ನೋವು ತಿಂದರಲ್ಲ, ನಿನ್ನ ಹೊಸ್ತಿಲಲ್ಲಿ ಆಳುಗಳಿಗೆ ಕೊರತೆಯಿಲ್ಲ ಎಂದರು. ನಿಘಂಟಪ್ಪ ಅದನ್ನು ಯೋಚಿಸುತ್ತ ಮನೆಗೆ ನಡೆದ. ಅವತ್ತು ಹೆಂಡತಿಗೆ, ಭಾವನಿಗೆ, ಡ್ರೈವರಿಗೆ ಒಬ್ಬೊಬ್ಬರಿಗೂ ತಾನು ಋಣಿ ಎಂದು ಬಾಯಿಬಿಟ್ಟು ಹೇಳಿದ. ಭಾವ ಫೋನಿನಲ್ಲೇ, ಇರಲಿ, ಆದರೂ ಒಮ್ಮೆ ನೋಡಿಬಿಡೋಣ ಎಂದರು. ದಿಂಬನ್ನು ಡ್ರೈವರಿಗೆ ವಾಪಸು ಕೊಟ್ಟುಬಾ ಎಂದು ಹೆಂಡತಿಗೆ ಹೇಳಿದ. ಅವಳು ಹೂಂ ಎಂದಳು. ಮೆಣಸಿನಪುಡಿಯ ಡಬ್ಬಿ ಅಟ್ಟದಿಂದ ಇಳಿಯಿತು. ಮೂಲದಲ್ಲಿ ಪಳಗಿದವನೆಂಬ ಹೆಸರು ಹಬ್ಬಿ, ಬೇರೆ ಬೇರೆ ಗ್ರಂಥಾಲಯಗಳಿಂದಲೂ ಕರೆ ಬರತೊಡಗಿತು. ಎಲ್ಲಿ ಹೋದರೂ ಮರದ ಸ್ಟೂಲು, ದಿನವಿಡೀ ಕೂರುವ ಕೆಲಸ, ಮನೆಗೆ ಬಂದರೆ ವಾರದ ಬಾಕಿಯೆಲ್ಲ ತೀರುವಂಥ ಖಾರ.

ಕೆಲವು ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ನಿಘಂಟಪ್ಪ ಬಚ್ಚಲಿನಿಂದ ಬಂದು ಕುರ್ಚಿಯಲ್ಲಿ ಕೂರಲು ಹೋಗಿ, ಕೂರದೆ, ಅರ್ಧದಲ್ಲೇ ನಿಂತ. ಹೆಂಡತಿ ಕಾಫಿ ಹಿಡಿದು ಬಂದಳು. ಅವನು ಕಿಟಕಿಯ ಕಡೆ ನೋಡುತ್ತ, ತನಗೆ ಕೇಳಿಸಿದರೆ ಸಾಕೆಂಬ ದನಿಯಲ್ಲಿ ಹೇಳಿದ.

"ಮೂಲ ಯಾಕೋ ಸ್ವಲ್ಪ ತೊಂದರೆ ಕೊಡ್ತಿದೆ ಕಣೇ."

"ಯಾವ ಲೈಬ್ರರೀದು?"

ನಿಘಂಟಪ್ಪ ಕೂರದೆ ಕುರ್ಚಿಯ ಬೆನ್ನನ್ನು ಹಿಡಿದುಕೊಂಡ. ಅವನು ನಿಂತ ಭಂಗಿಯನ್ನು ಅವಳು ಒಂದು ಗಳಿಗೆ ನೋಡಿದಳು. ನಗಲಿಲ್ಲ. ಲೋಟವನ್ನು ಕೆಳಗಿಟ್ಟು, ಒಳಗೆ ಹೋಗಿ ಬೀರು ತೆಗೆದು, ಬೆಡ್‌ಶೀಟಿನಲ್ಲಿ ಸುತ್ತಿದ್ದ ದುಂಡಗಿನ ದಿಂಬು, ಮಡಿಸಿದ ಲಾಡಿ ಪೈಜಾಮ, ಅವತ್ತು ಭಾವ ಬಿಟ್ಟುಹೋಗಿದ್ದ ಮುಲಾಮಿನ ಟ್ಯೂಬು ಮೂರನ್ನೂ ತಂದು ಕುರ್ಚಿಯ ಮೇಲೆ ಜೋಡಿಸಿದಳು. ಪೈಜಾಮವನ್ನು ಎತ್ತಿ ಹಿಡಿದು ತೋರಿಸಿದಳು. ಅದಕ್ಕೆ ಹೊಸದಾಗಿ ಒಂದು ಜೇಬು ಹೊಲಿದಿತ್ತು.

"ದಿಂಬನ್ನ ವಾಪಸು ಕೊಡು ಅಂದಿದ್ದೆನಲ್ಲ," ಎಂದ ನಿಘಂಟಪ್ಪ.

"ಹಳೇದು ಯಾವುದೂ ಮುಟ್ಟಿಲ್ಲ ರೀ," ಎಂದಳು ಅವಳು. "ಹೊಸದೊಂದನ್ನ ಪಕ್ಕದಲ್ಲಿ ಸೇರಿಸಿದೀನಿ, ಅಷ್ಟೇ. ಕೂತ್ಕೊಳ್ಳಿ."

ನಿಘಂಟಪ್ಪ ಕೂತ.